ಹಾಲಿಲ್ಲದ ತಾಯಿಯ ಗಿಣ್ಣು

ಬಿಳಿಚೋಡಿನ ಹೊರಗೆ, ಮೆಕ್ಕೆಜೋಳದ ಹೊಲಗಳ ನಡುವಿನ ಕೋಳಿ ಫಾರಂ ಒಂದರಲ್ಲಿ ಬೇವಿನ ಮರದಡಿ ಖಾಲಿ ಗೊಬ್ಬರದ ಚೀಲ ಹಾಸಿದ್ದರು. ಚೀಲದ ಮೇಲೆ ಸತ್ತ ಹ್ಯಾಟೆ. ಹಿಂದಿನ ದಿನ ಬೆಳಗ್ಗೆ ಮೊಟ್ಟೆ ಇಟ್ಟಿದ್ದ ಕೋಳಿ ಅದು. ಜುಟ್ಟು ಇನ್ನೂ ಕೆಂಪಗೇ ಇತ್ತು. ಪಶುವೈದ್ಯರು ಪುಕ್ಕ ಹಾರದಿರಲೆಂದು ನೀರು ಚಿಮುಕಿಸಿ, ಹೊಟ್ಟೆಯ ತೊಗಲು ಕತ್ತರಿಸಿ ಬಿಡಿಸಿದರು. ಒಳಗೆ ಕರುಳಿನ ಸುತ್ತ ಹಳದಿಯಾಗಿ, ಗಟ್ಟಿಯಾಗಿ ಏನೋ ಮೆತ್ತಿಕೊಂಡಿತ್ತು. ಒತ್ತಿದರೆ ಪದರ ಪದರವಾಗಿ ಬಿರಿಯುತ್ತಿತ್ತು.

“ಡಾಕ್ಟ್ರೇ, ಇದೇನ್ರೀ, ಹೊಟ್ಟೆಯಾಗೆ ಗಿಣ್ಣು ಕಟ್ಟಿದಂಗೈತಲ್ಲ?” ಎಂದರು ಫಾರಂ ನೋಡಿಕೊಳ್ಳುವ ಹಿರಿಯರು.

“ಗಿಣ್ಣಲ್ಲ ಯಜಮಾನ್ರೇ, ಕೀವು. ಕೋಳಿ ಕೀವು ಹಿಂಗೇ ಇರೋದು. ನಮ್ದರಂಗೆ ಸೋರಲ್ಲ.”

ಕೋಳಿಯ ರಕ್ತದಲ್ಲಿ ರೋಗಾಣುವಿನ ಮೇಲೆ ಮೊದಲು ಮುಗಿಬೀಳುವ ಬಿಳಿ ಕಣಗಳ ಹೆಸರು ಹೆಟರೊಫಿಲ್. ನಮ್ಮಲ್ಲಿ ಅದೇ ಕೆಲಸಕ್ಕೆ ನ್ಯೂಟ್ರೊಫಿಲ್‌ಗಳಿವೆ. ನಮ್ಮ ಕಣಗಳು ಸಾಯುವಾಗ ಸುತ್ತಲಿನದನ್ನೆಲ್ಲ ಕರಗಿಸಿ ನೀರಾಗಿಸುತ್ತವೆ. ನಮ್ಮ ಕೀವು ಹರಿಯುವುದು ಅದರಿಂದಲೇ. ಕೋಳಿಯ ಕಣಗಳಲ್ಲಿ ಹಾಗೆ ಕರಗಿಸುವ ಕಿಣ್ವಗಳ ಬಲ ಕಡಿಮೆ. ಹಾಗಾಗಿ ಹೋರಾಡಿ ಸತ್ತ ಕಣಗಳು, ಸತ್ತ ರೋಗಾಣುಗಳು, ಒಸರಿದ ರಸ ಎಲ್ಲವೂ ಕೂಡಿ ಗಟ್ಟಿಯಾಗಿ ಹೆಪ್ಪುಗಟ್ಟುತ್ತವೆ. ನಾವು ನೋಡುತ್ತಿದ್ದುದು ಹಾಗೆ ಹೆಪ್ಪುಗಟ್ಟಿದ ಯುದ್ಧ. ಅಂಡಾಶಯದಿಂದ ಬಿದ್ದ ಹಳದಿ, ಅಂಡನಾಳದ ಆಲಿಕೆಯಂಥ ಬಾಯಿಗೆ ಸೇರದೆ ಹೊಟ್ಟೆಯೊಳಗೆ ಜಾರಿದೆ. ಹಿಂಬಾಗಿಲಿನಿಂದ ನಾಳದ ಗುಂಟ ಮೇಲೇರಿದ ಇ-ಕೊಲೈ ಎಂಬ ಸೂಕ್ಷ್ಮಾಣುವಿಗೆ ಅದೇ ಹಬ್ಬದೂಟವಾಗಿದೆ. ಮೊಟ್ಟೆ ಇಡುವ ಕೋಳಿಗಳನ್ನು ಹೆಚ್ಚಾಗಿ ಕೊಲ್ಲುವ ರೋಗಗಳಲ್ಲಿ ಇದೂ ಒಂದು ಎಂದರು ವೈದ್ಯರು. ಕೈ ತೊಳೆದುಕೊಂಡು, ಗುಂಡಿಗೆ ಸುಣ್ಣ ಹಾಕಿಸಲು ಹೇಳಿ ಹೊರಟರು.

ಹಿರಿಯರ ಬಾಯಲ್ಲಿ ಹೋಲಿಕೆಗೆಂದು ಬಂದ ಗಿಣ್ಣು ಎಂಬ ಮಾತು ಮಾತ್ರ ನನ್ನಲ್ಲಿ ಉಳಿಯಿತು. ಆ ಒಂದು ಮಾತನ್ನು ಹಿಡಿದು ನಾನು ಎಷ್ಟೋ ದಿನ ಓದಿದ್ದೇನೆ, ಕೇಳಿದ್ದೇನೆ. ಓದುತ್ತ ಹೋದಂತೆ, ಅವರಿಗೆ ಗೊತ್ತಿಲ್ಲದೆಯೇ ಆ ಮಾತು ಎಲ್ಲಿಗೋ ಮುಟ್ಟಿತ್ತು ಎನಿಸಿತು.

ನಮ್ಮ ಮನೆಯಲ್ಲಿ ಎಮ್ಮೆ ಕರು ಹಾಕಿದ ದಿನ ಅಜ್ಜಿ ಚೊಂಬು ಹಿಡಿದು ಕೊಟ್ಟಿಗೆಗೆ ಹೋದರೂ ಕೆಚ್ಚಲಿಗೆ ಕೈ ಹಾಕುತ್ತಿರಲಿಲ್ಲ. “ಮೊದ್ಲು ಕರ ಕುಡೀಲಿ” ಎನ್ನುತ್ತಿದ್ದಳು. ಕರುವಿನ ಹೊಟ್ಟೆ ತುಂಬಿದ ಮೇಲಷ್ಟೇ ನಮಗೆ ಗಿಣ್ಣದ ಹಾಲು, ಬೆಲ್ಲ, ಏಲಕ್ಕಿ. ಎಮ್ಮೆ, ಹಸುಗಳ ಗರ್ಭಕೋಶ ಕರುವಿಗೆ ಅನ್ನ ಕೊಡುತ್ತದೆ, ಉಸಿರು ಕೊಡುತ್ತದೆ. ರೋಗದ ವಿರುದ್ಧ ತಾಯಿಯ ರಕ್ತದಲ್ಲಿರುವ ಪ್ರತಿಕಾಯಗಳನ್ನು ಮಾತ್ರ ದಾಟಿಸುವುದಿಲ್ಲ. ಕರು ಹುಟ್ಟುವುದು ಬರಿಗೈಯಲ್ಲಿ. ಅದಕ್ಕೆ ಬೇಕಾದದ್ದೆಲ್ಲ ಮೊದಲ ಹಾಲಿನಲ್ಲಿದೆ. ಅದನ್ನು ಇಡಿಯಾಗಿ ಒಳಗೆ ಬಿಟ್ಟುಕೊಳ್ಳುವಷ್ಟು ಕರುವಿನ ಕರುಳು ತೆರೆದಿರುವುದು ಸುಮಾರು ಒಂದು ದಿನ ಮಾತ್ರ. ಅಜ್ಜಿಗೆ ಪ್ರತಿಕಾಯ ಎಂಬ ಶಬ್ದ ಗೊತ್ತಿರಲಿಲ್ಲ. ಆದರೆ ಮೊದಲ ದಿನದ ಗಿಣ್ಣು ಸಿಗದ ಕರು ಬದುಕುವುದು ಕಷ್ಟ ಎಂದು ಗೊತ್ತಿತ್ತು.

ಹಾಗಾದರೆ ಕೋಳಿ? ಅದಕ್ಕೆ ಕೆಚ್ಚಲಿಲ್ಲ, ಹಾಲಿಲ್ಲ. ಮರಿ ತಾಯಿಯ ಮೈಯಿಂದ ಹೊರಬಂದು, 21 ದಿನ ಕಾವು ಪಡೆದ ಮೇಲೆ, ಸುಣ್ಣದ ಗೋಡೆ ಒಡೆದುಕೊಂಡು ಹುಟ್ಟುತ್ತದೆ. ಈಗಿನ ಕಾಲದಲ್ಲಂತೂ ಆ ಮರಿ ತಾಯಿಯ ಮುಖವನ್ನೇ ನೋಡುವುದಿಲ್ಲ. ಇಷ್ಟು ದೂರದಿಂದ ತಾಯಿ ಅದಕ್ಕೆ ಏನನ್ನು ಕೊಡಬಲ್ಲಳು?

1893ರಲ್ಲಿ ಜರ್ಮನಿಯ ಫೆಲಿಕ್ಸ್ ಕ್ಲೆಂಪೆರರ್ ಎಂಬ ವೈದ್ಯ ಕೋಳಿಗೆ ಧನುರ್ವಾತದ ವಿರುದ್ಧ ರಕ್ಷಣೆ ಬರುವಂತೆ ಮಾಡಿ, ಅದು ಇಟ್ಟ ಮೊಟ್ಟೆಯ ಹಳದಿಯನ್ನು ಇಲಿಗಳಿಗೆ ಕೊಟ್ಟು ನೋಡಿದ. ಇಲಿಗಳು ಧನುರ್ವಾತದಿಂದ ಉಳಿದವು. ತಾಯಿ ಕಲಿತದ್ದು ಹಳದಿಯೊಳಗೆ ಇಳಿದಿತ್ತು. ಇಂದು ಅದನ್ನು ಅಳೆಯಲು ಬರುತ್ತದೆ: ಒಂದು ಮೊಟ್ಟೆಯ ಹಳದಿಯಲ್ಲಿ 100 ಮಿಲಿಗ್ರಾಮಿನ ಆಸುಪಾಸು, ಕೆಲವೊಮ್ಮೆ ಇನ್ನೂ ಹೆಚ್ಚು ಪ್ರತಿಕಾಯವಿರುತ್ತದೆ. ಅಂಡಾಶಯದಲ್ಲಿ ಹಳದಿ ದಿಢೀರನೆ ಬೆಳೆಯುವುದು ಕಡೆಯ ಒಂದು ವಾರ, ಹತ್ತು ದಿನದಲ್ಲಿ. ಆಗ ತಾಯಿಯ ರಕ್ತದಲ್ಲಿ ಯಾವ ಯಾವ ರೋಗದ ನೆನಪು ಹರಿಯುತ್ತಿರುತ್ತದೋ ಅದೆಲ್ಲ ಹಳದಿಗೆ ಸೇರುತ್ತದೆ. ಹುಟ್ಟುವ ಮುಂಚಿನ ಕೊನೆಯ ದಿನಗಳಲ್ಲಿ ಮರಿ ಅದನ್ನು ತನ್ನ ರಕ್ತಕ್ಕೆ ಎಳೆದುಕೊಳ್ಳುತ್ತದೆ. ಮಿಕ್ಕ ಹಳದಿಯ ಚೀಲವನ್ನು ಹೊಕ್ಕುಳಿನ ಮೂಲಕ ಹೊಟ್ಟೆಯೊಳಗೇ ಸೆಳೆದುಕೊಂಡು ಚಿಪ್ಪು ಒಡೆಯುತ್ತದೆ. ಹ್ಯಾಚರಿಯ ಮರಿಗಳು ಕಾಳು, ನೀರು ಇಲ್ಲದೆ ರಟ್ಟಿನ ಡಬ್ಬಿಯಲ್ಲಿ ಒಂದೆರಡು ದಿನ ಪಯಣಿಸಿ ಬರುವುದು ಈ ಬುತ್ತಿಯ ಬಲದ ಮೇಲೆ. ತಾಯಿ ಕೊಟ್ಟ ರಕ್ಷಣೆ ಎರಡು ಮೂರು ವಾರ ನಿಲ್ಲುತ್ತದೆ. ಅಷ್ಟರಲ್ಲಿ ಮರಿ ತನ್ನದನ್ನು ತಾನು ಕಲಿಯಬೇಕು.

ಮೊಟ್ಟೆಯ ಹಳದಿಗೆ ನಮ್ಮ ಪಾಠಪುಸ್ತಕಗಳಲ್ಲಿ ಭಂಡಾರ ಎಂಬ ಹೆಸರೂ ಉಂಟು. ಮೈಲಾರಲಿಂಗನ ಜಾತ್ರೆಯಲ್ಲಿ ಹಣೆಗೆ ಹಚ್ಚುವ ಅರಿಸಿನವೂ ನಮಗೆ ಭಂಡಾರವೇ. ಬಣ್ಣಕ್ಕೋ ಒಳಗಿನ ಸಿರಿಗೋ, ಯಾವುದಕ್ಕೆ ಆ ಹೆಸರು ಬಂತೋ, ಎರಡಕ್ಕೂ ಒಪ್ಪುತ್ತದೆ. ನನಗೆ ಮಾತ್ರ ಈಗ ಅದು ಗಿಣ್ಣಾಗಿಯೇ ಕಾಣುತ್ತದೆ. ಹಾಲಿಲ್ಲದ ತಾಯಿ, ಮುಖ ನೋಡದ ಮಗುವಿಗಾಗಿ ಮುಂಚೆಯೇ ಕಟ್ಟಿಟ್ಟ ಗಿಣ್ಣು.

ಈ ಪ್ರತಿಕಾಯಗಳನ್ನು ಕೋಳಿ ಮಾಡಿಕೊಳ್ಳುವ ಬಗೆ ಇದೆಯಲ್ಲ, ಅದು ನನಗೆ ಇನ್ನೂ ದೊಡ್ಡ ಬೆರಗು. ಕೋಳಿಯ ಹಿಂಬಾಗಿಲಿನ ಮೇಲ್ಗಡೆ ಒಂದು ಪುಟ್ಟ ಚೀಲವಿದೆ. ಎಳೆಯ ಕೋಳಿಯಲ್ಲಿ ದೊಡ್ಡ ದ್ರಾಕ್ಷಿಯಷ್ಟು ಬೆಳೆಯುತ್ತದೆ. ಇಟಲಿಯ ಪಡುವಾದಲ್ಲಿದ್ದ ಫ್ಯಾಬ್ರಿಷಿಯಸ್ ಅದನ್ನು ವಿವರಿಸಿದ. ಅವನು ತೀರಿಕೊಂಡ ಮೇಲೆ, 1621ರಲ್ಲಿ, ಆ ಬರಹ ಅಚ್ಚಾಯಿತು. ಚೀಲಕ್ಕೆ ಅವನ ಹೆಸರೇ ಉಳಿಯಿತು, ಆದರೆ ಅದು ಇರುವುದು ಏತಕ್ಕೆ ಎಂಬುದು ಮುನ್ನೂರು ವರ್ಷ ಕಳೆದರೂ ಯಾರಿಗೂ ತಿಳಿಯಲಿಲ್ಲ. 1950ರ ದಶಕದಲ್ಲಿ ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬ್ರೂಸ್ ಗ್ಲಿಕ್ ಎಂಬ ವಿದ್ಯಾರ್ಥಿ ಆ ಚೀಲ ತೋರಿಸಿ ಇದೇನೆಂದು ಗುರುಗಳನ್ನು ಕೇಳಿದ. ನೀನೇ ಕಂಡುಹಿಡಿ ಎಂದರು ಗುರುಗಳು. ಅವನು ಮರಿಗಳಿಂದ ಚೀಲ ತೆಗೆದು ಸಾಕಿ ನೋಡಿದ. ಎದ್ದು ಕಾಣುವಂಥದ್ದೇನೂ ಆಗಲಿಲ್ಲ. ಅದೇ ವೇಳೆಗೆ ಅವನ ಗೆಳೆಯ ತಿಮೋತಿ ಚಾಂಗ್‌ಗೆ, ಪ್ರತಿಕಾಯ ಹೇಗೆ ಹುಟ್ಟುತ್ತದೆಂದು ತರಗತಿಗೆ ತೋರಿಸಲು ಕೋಳಿಗಳು ಬೇಕಾದವು. ಗ್ಲಿಕ್‌ನ ಕೋಳಿಗಳನ್ನೇ ಒಯ್ದು ಸಾಲ್ಮೊನೆಲ್ಲಾ ಎಂಬ ರೋಗಾಣುವಿನ ಚುಚ್ಚುಮದ್ದು ಕೊಟ್ಟ. ಪಾಠ ಕೆಟ್ಟುಹೋಯಿತು: ಆ ಕೋಳಿಗಳಲ್ಲಿ ಹೆಚ್ಚಿನವು ಪ್ರತಿಕಾಯವನ್ನೇ ಮಾಡಲಿಲ್ಲ. ಯಾವುವು ಎಂದು ಪಟ್ಟಿ ತೆಗೆದು ನೋಡಿದರೆ ಚೀಲ ಕಳೆದುಕೊಂಡ ಕೋಳಿಗಳು!

ಅವರ ಲೇಖನವನ್ನು ಹೆಸರಾಂತ ಪತ್ರಿಕೆ ವಾಪಸು ಕಳಿಸಿತು. ಕಡೆಗೆ 1956ರಲ್ಲಿ ಕೋಳಿ ಸಾಕಣೆಯ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಬಹಳ ಕಾಲ ಯಾರ ಕಣ್ಣಿಗೂ ಬೀಳಲಿಲ್ಲ. ಇಂದು ಮನುಷ್ಯರ ರಕ್ತಪರೀಕ್ಷೆಯ ವರದಿಯಲ್ಲಿ, ಪ್ರತಿಕಾಯ ಮಾಡುವ ಕಣಗಳನ್ನು ಬಿ-ಕಣ ಎಂದು ಬರೆಯುತ್ತಾರಲ್ಲ, ಆ ‘ಬಿ’ ಬಂದದ್ದು ಕೋಳಿಯ ಆ ಚೀಲದ ಹೆಸರಿನಿಂದ, ಬರ್ಸಾದಿಂದ. ನಮ್ಮ ಮೈಯಲ್ಲಿ ಅಂಥ ಚೀಲವಿಲ್ಲ, ಆ ಕೆಲಸ ಎಲುಬಿನ ಮಜ್ಜೆಯಲ್ಲಿ ನಡೆಯುತ್ತದೆ. ಹೆಸರು ಮಾತ್ರ ಕೋಳಿಯದು. ಆಸ್ಪತ್ರೆಯ ಕಾಗದದಲ್ಲಿ ಆ ಅಕ್ಷರ ಕಂಡಾಗಲೆಲ್ಲ ಬಿಳಿಚೋಡಿನ ಬೇವಿನ ಮರದಡಿಯ ಹ್ಯಾಟೆ ನನ್ನ ಕಣ್ಣ ಮುಂದೆ ಬರುತ್ತದೆ.

ಚೀಲದೊಳಗೆ ನಡೆಯುವುದು ಹೊಲಿಗೆ. ಲೋಕದಲ್ಲಿ ರೋಗಾಣುಗಳು ಲೆಕ್ಕವಿಲ್ಲದಷ್ಟು. ಪ್ರತಿಯೊಂದಕ್ಕೂ ಹೊಂದುವ ಪ್ರತಿಕಾಯ ಬೇಕು. ನಮ್ಮಲ್ಲಿ ಅದಕ್ಕಾಗಿ ಹತ್ತಾರು ವಂಶವಾಹಿ ತುಂಡುಗಳಿವೆ, ಅವನ್ನು ಕೂಡಿಸಿ ಕಳೆದು ಹೊಸ ಹೊಸ ಜೋಡಣೆ ಮಾಡಿಕೊಳ್ಳುತ್ತೇವೆ. ಕೋಳಿ ಬಡವಿ. ಪ್ರತಿಕಾಯದ ಎರಡು ಬಗೆಯ ಎಳೆಗಳಲ್ಲಿ ಸಣ್ಣದಕ್ಕೆ ಅದರ ಬಳಿ ಕೆಲಸಕ್ಕೆ ಬರುವ ಅಚ್ಚು ಒಂದೇ ಒಂದು. ಪಕ್ಕದಲ್ಲಿ 25 ಮುರುಕು ಅಚ್ಚುಗಳು. ಒಂದೂ ತಾನಾಗಿ ಏನನ್ನೂ ಮಾಡಲಾರದು. ಆ ಮುರುಕುಗಳಿಂದ ಇಷ್ಟಿಷ್ಟು ಚೂರನ್ನು ನಕಲು ತೆಗೆದು, ಚೆನ್ನಾಗಿರುವ ಒಂದರ ಮೇಲೆ ತೇಪೆ ಹಾಕುತ್ತ ಹಾಕುತ್ತ ಕೋಳಿ ಕೋಟಿಗಟ್ಟಲೆ ಬಗೆಯ ಪ್ರತಿಕಾಯ ಹೊಲಿಯುತ್ತದೆ. 1980ರ ದಶಕದಲ್ಲಿ ಇದು ಪತ್ತೆಯಾಯಿತು. ನಾನು ಇದನ್ನು ಓದಿದ ರಾತ್ರಿ ಅಜ್ಜಿಯ ಕೌದಿ ಹೊದ್ದು ಮಲಗಿದ್ದೆ. ಉಡಲಾಗದ ಸೀರೆ, ತೊಡಲಾಗದ ಅಂಗಿ, ಹರಿದ ಧೋತರ, ಅದರಲ್ಲಿ ಒಂದು ಚೂರೂ ಮತ್ತೊಂದರಂತಿಲ್ಲ. ಯಾವುದನ್ನೂ ಬಿಸಾಡದ ಅಜ್ಜಿ, ಯಾವುದನ್ನೂ ಬಿಸಾಡದ ಕೋಳಿ.

ಎಳೆಯ ವಯಸ್ಸಿನಲ್ಲಿ ಈ ಚೀಲ ಹಾಳಾದರೆ ಏನಾಗುತ್ತದೆಂದು ಸಾಕುವವರಿಗೆ ಗೊತ್ತು. ಗುಂಬೋರೋ ಎಂಬ ವೈರಸ್ ರೋಗ ನೇರವಾಗಿ ಅದಕ್ಕೇ ಕೈ ಹಾಕುತ್ತದೆ. ಅದರಿಂದ ಉಳಿದ ಮರಿಗಳು ಆಮೇಲೆ ಸಣ್ಣಪುಟ್ಟ ಸೂಕ್ಷ್ಮಾಣುವಿಗೂ ಬಗ್ಗುತ್ತವೆ, ಕೊಟ್ಟ ಲಸಿಕೆಯೂ ಅವಕ್ಕೆ ನಾಟುವುದಿಲ್ಲ.

ಪ್ರತಿಕಾಯ ಕಣ್ಣಿಗೆ ಕಾಣುವಂಥದ್ದಲ್ಲ ಎಂದುಕೊಂಡಿದ್ದೆ. ಕಾಣುತ್ತದೆ. ಬಿಳಿ ಭೇದಿ ಬಂದು ಹೋದ ಕೋಳಿಯನ್ನು ಗುರುತಿಸಲು ಹಳೆಯ ಪರೀಕ್ಷೆಯೊಂದಿದೆ: ರೆಕ್ಕೆಯ ನರ ಚುಚ್ಚಿ ಒಂದು ಹನಿ ರಕ್ತ, ಬಿಳಿ ಬಿಲ್ಲೆಯ ಮೇಲೆ ಬಣ್ಣ ಕಟ್ಟಿದ ಸತ್ತ ರೋಗಾಣುಗಳ ಒಂದು ಹನಿ. ಎರಡನ್ನೂ ಕಲಸಿ ಬಿಲ್ಲೆಯನ್ನು ಮೆಲ್ಲಗೆ ಅತ್ತಿತ್ತ ವಾಲಿಸಬೇಕು. ಆ ಕೋಳಿ ಎಂದಾದರೂ ಆ ರೋಗದೊಡನೆ ಹೋರಾಡಿದ್ದರೆ, ಎರಡು ನಿಮಿಷದೊಳಗೆ ಹನಿ ಒಡೆದ ಹಾಲಿನಂತೆ ಕಾಳುಕಾಳಾಗುತ್ತದೆ. ಹೋರಾಡಿರದಿದ್ದರೆ ಹನಿ ನಯವಾಗಿಯೇ ಉಳಿಯುತ್ತದೆ. ತಿಂಗಳುಗಳ ಹಿಂದೆ ಮೈಗೆ ಬಂದು ಹೋದದ್ದನ್ನು ಒಂದು ಹನಿ ರಕ್ತ ಹೀಗೆ ಕಣ್ಣೆದುರು ಹೇಳಿಬಿಡುತ್ತದೆ.

ಆ ಪರೀಕ್ಷೆ ಏಕೆ ಬೇಕಾಯಿತು ಎಂಬಲ್ಲಿ ನನ್ನ ಮನಸ್ಸು ಹೆಚ್ಚು ಹೊತ್ತು ನಿಲ್ಲುತ್ತದೆ. ಬಿಳಿ ಭೇದಿಯ ಸಾಲ್ಮೊನೆಲ್ಲಾ ಮರಿಗಳನ್ನು ರಾಶಿ ರಾಶಿ ಕೊಲ್ಲುತ್ತದೆ. ಉಳಿದುಕೊಂಡವು ಚೆನ್ನಾಗಿಯೇ ಬೆಳೆಯುತ್ತವೆ. ಅವುಗಳ ರಕ್ತದಲ್ಲಿ ಪ್ರತಿಕಾಯವಿದೆ, ಗೆದ್ದಿವೆ ಎಂದೇ ತೋರುತ್ತದೆ. ಆದರೆ ಒಂದಷ್ಟು ರೋಗಾಣುಗಳು ಗುಲ್ಮದಲ್ಲಿ ಉಳಿದಿರುತ್ತವೆ, ಅದೂ ರೋಗಾಣುಗಳನ್ನು ನುಂಗಬೇಕಾದ ಕಣಗಳ ಹೊಟ್ಟೆಯೊಳಗೇ. ಅವು ತಿಂಗಳುಗಟ್ಟಲೆ ಸುಮ್ಮನಿರುತ್ತವೆ. ಕೋಳಿಗೆ ಹದಿನೆಂಟು, ಇಪ್ಪತ್ತು ವಾರ ತುಂಬುತ್ತದೆ. ಜುಟ್ಟು ಕೆಂಪೇರುತ್ತದೆ, ದನಿ ಬದಲಾಗುತ್ತದೆ, ಮೊದಲ ಮೊಟ್ಟೆಯ ಹೊತ್ತು ಹತ್ತಿರವಾಗುತ್ತದೆ. ಸರಿಯಾಗಿ ಆಗಲೇ ಕೋಳಿಯ ಕಾವಲು ಸಡಿಲವಾಗುತ್ತದೆ: ಕಾವಲಿನ ಇನ್ನೊಂದು ಬಗೆಯ ಬಿಳಿ ಕಣಗಳಾದ ಟಿ-ಕಣಗಳು ಪ್ರಚೋದನೆಗೆ ಮೊದಲಿನಂತೆ ಎದ್ದು ನಿಲ್ಲುವುದಿಲ್ಲ. ಅಡಗಿದ್ದ ರೋಗಾಣು ಆಗ ಹೆಚ್ಚುತ್ತದೆ, ಅಂಡಾಶಯಕ್ಕೆ, ಅಂಡನಾಳಕ್ಕೆ ಇಳಿಯುತ್ತದೆ, ಅಲ್ಲಿಂದ ಮೊಟ್ಟೆಯೊಳಗೆ, ಮುಂದಿನ ತಲೆಮಾರಿಗೆ. ಹುಂಜಗಳಲ್ಲಿ ಹೀಗೆ ಆಗುವುದಿಲ್ಲ. ಬೆಳೆದ ಹುಂಜ ಆ ರೋಗಾಣುವನ್ನು ಬಹುತೇಕ ಕಳೆದುಕೊಳ್ಳುತ್ತದೆ.

ತಾಯಿ ತನ್ನ ನೆನಪನ್ನು ಮರಿಗೆ ಇಳಿಸುವ ಅಂಡಾಶಯದಲ್ಲೇ ರೋಗವೂ ಮರಿಗೆ ಇಳಿಯುತ್ತದೆ. ಭಂಡಾರ ತುಂಬುವ ಅದೇ ದಿನಗಳಲ್ಲಿ ಕಾವಲು ಸಡಿಲವಾಗುತ್ತದೆ. ಮೈಯ ಬಲವೆಲ್ಲ ಮೊಟ್ಟೆಗೆ ಹೋಗಬೇಕಾದ ಹೊತ್ತು ಎಂದು ಹೀಗಾಗುತ್ತದೋ, ಇಡುವ ಹೊತ್ತಿನ ಹಾರ್ಮೋನುಗಳ ಕೈವಾಡವೋ, ವಿವರಣೆಗಳು ಏನೇ ಇರಲಿ, ನನಗೆ ಇದರಲ್ಲಿ ದೋಷ ಕಾಣುವುದಿಲ್ಲ. ಕೊಡುವುದೆಂದರೆ ಬಾಗಿಲು ತೆರೆಯುವುದು. ಬಾಗಿಲು ತೆರೆಯದೆ ಕೊಡುವ ತಾಯಿಯನ್ನು ನಾನು ಕೋಳಿಗಳಲ್ಲೂ ಕಂಡಿಲ್ಲ, ನಮ್ಮ ಓಣಿಯಲ್ಲೂ ಕಂಡಿಲ್ಲ.

ತೆರೆದ ಬಾಗಿಲಲ್ಲೂ ಕೋಳಿ ಸುಮ್ಮನಿರುವುದಿಲ್ಲ. ಹಳದಿಯ ಸುತ್ತ ಲೋಳೆ ಸುತ್ತುತ್ತದೆ. ಆ ಲೋಳೆಯಲ್ಲೊಂದು ಪದಾರ್ಥ ಕಬ್ಬಿಣದ ಅಂಶವನ್ನು ಬಿಗಿಯಾಗಿ ಹಿಡಿದಿಟ್ಟುಕೊಂಡು, ಒಳಹೊಕ್ಕ ಸೂಕ್ಷ್ಮಾಣುವನ್ನು ಉಪವಾಸ ಕೆಡವುತ್ತದೆ. ಲೈಸೊಜೈಮ್ ಎಂಬ ಇನ್ನೊಂದು, ಸೂಕ್ಷ್ಮಾಣುವಿನ ಗೋಡೆಯನ್ನೇ ಕತ್ತರಿಸುತ್ತದೆ. 1922ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಅದಕ್ಕೆ ಹೆಸರಿಟ್ಟ, ಪೆನಿಸಿಲಿನ್‌ಗಿಂತ ಆರು ವರ್ಷ ಮೊದಲು. 1965ರಲ್ಲಿ ಲಂಡನ್ನಿನಲ್ಲಿ ಡೇವಿಡ್ ಫಿಲಿಪ್ಸ್ ತಂಡ ಕ್ಷ-ಕಿರಣ ಹಾಯಿಸಿ ಕೋಳಿಮೊಟ್ಟೆಯ ಲೈಸೊಜೈಮಿನ ಆಕಾರವನ್ನು ಬಿಡಿಸಿತು. ಹಾಗೆ ತನ್ನ ರೂಪ ತೋರಿದ ಮೊಟ್ಟಮೊದಲ ಕಿಣ್ವ ಅದು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ವಿಜಯನ್ ಮತ್ತು ಅವರ ವಿದ್ಯಾರ್ಥಿಗಳು ಇದೇ ಲೈಸೊಜೈಮಿನ ಹರಳುಗಳಿಂದ ನೀರನ್ನು ಸ್ವಲ್ಪ ಸ್ವಲ್ಪವೇ ತೆಗೆಯುತ್ತ, ಸುತ್ತಲಿನ ನೀರು ಕಡಿಮೆಯಾದಂತೆ ಅದರ ಮೈ ಹೇಗೆ ಮಿಸುಕುತ್ತದೆಂದು ವರ್ಷಗಟ್ಟಲೆ ನೋಡಿದರು. ಬಿಳಿಚೋಡಿನಲ್ಲಿ ಹ್ಯಾಟೆ ಎಲ್ಲಿ ಬೇಕೆಂದರಲ್ಲಿ, ಬಣವೆಯ ಸಂದಿಯಲ್ಲಿ ಇಟ್ಟುಬರುವ ತತ್ತಿಯೊಳಗಿನ ಲೋಳೆ ಅದು. ಅದನ್ನು ನೋಡುತ್ತ ಒಬ್ಬ ಮನುಷ್ಯನ ಆಯುಷ್ಯವೇ ಕಳೆಯಬಹುದು. ಹಾಗಿದ್ದರೂ ಲೋಳೆ ಎಲ್ಲವನ್ನೂ ತಡೆಯಲಾರದು. ಸಾಲ್ಮೊನೆಲ್ಲಾದಂಥವಕ್ಕೆ ಗೋಡೆಯ ಹೊರಗೆ ಇನ್ನೊಂದು ಹೊದಿಕೆ ಇದೆ, ಕತ್ತರಿ ಅಲ್ಲಿಗೆ ಸುಲಭದಲ್ಲಿ ತಲುಪುವುದಿಲ್ಲ.

ಇಷ್ಟು ಕೆಲಸ ಬಲ್ಲ ಜೀವಿಗೆ ನಾವು ಏನು ಮಾಡಿದೆವು ಎಂದು ನೆನೆದಾಗ ನನಗೆ ನೋವಾಗುತ್ತದೆ. ರೋಗ ಬರಲಿ, ಬಾರದಿರಲಿ, ಕುಡಿಯುವ ನೀರಿಗೆ ಔಷಧ ಬೆರೆಸುವುದು ಎಷ್ಟೋ ಕಡೆ ರೂಢಿಯಾಗಿತ್ತು. ಮನುಷ್ಯರಿಗೆ ಬೇರೆ ಯಾವ ಔಷಧವೂ ನಾಟದಾಗ ಕಡೆಯ ಆಸರೆಯಾಗಿ ಕೊಡುವ ಕೊಲಿಸ್ಟಿನ್ ಕೂಡ ಕೋಳಿ ಮೇವಿಗೆ ಸೇರಿತ್ತು. ಆಹಾರಕ್ಕೆಂದು ಸಾಕುವ ಪ್ರಾಣಿಗಳಿಗೆ ಅದನ್ನು ಕೊಡಬಾರದೆಂದು ಕೇಂದ್ರ ಸರ್ಕಾರ ಆದೇಶ ಹೊರಡಿಸಿದ್ದು 2019ರ ಜುಲೈನಲ್ಲಿ. ಒಳ್ಳೆಯದಾಯಿತು. ಇನ್ನೂ ಬೇಗ ಆಗಬೇಕಿತ್ತು.

ತಾಯಿಯಿಂದ ಮರಿ ಪಡೆಯುವುದು ಭಂಡಾರದಲ್ಲಿರುವುದಷ್ಟೇ ಅಲ್ಲ. ಅಜ್ಜಿ ಕೋಳಿಯನ್ನು ಕಾವಿಗೆ ಕೂರಿಸುತ್ತಿದ್ದುದು ಮಂಕರಿಯಲ್ಲಿ, ಒಣ ಹುಲ್ಲು ಹಾಸಿ. ಕೂರಿಸುವ ಮುನ್ನ ಒಂದೊಂದು ತತ್ತಿಯನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಮರಿಗಳು ಹೊರಬಿದ್ದ ಮರುದಿನದಿಂದ ತಾಯಿ ತಿಪ್ಪೆ ಕೆದರಿ ಕೆದರಿ ತೋರಿಸುತ್ತಿತ್ತು, ಮರಿಗಳು ಅದರ ಕಾಲಬುಡದಲ್ಲೇ ಕುಕ್ಕುತ್ತಿದ್ದವು, ಅದರ ಹಿಕ್ಕೆಯನ್ನೂ ಬಿಡುತ್ತಿರಲಿಲ್ಲ. “ಥೂ, ಗಲೀಜು” ಎಂದು ನಾನು ಓಡಿಸಲು ಹೋದರೆ ಅಜ್ಜಿ, “ಬಿಡೋ ತಮ್ಮಾ, ಅವುಕ್ಕೆ ಗೊತ್ತೈತೆ ಏನ್ ತಿನ್ಬೇಕಂತ” ಎನ್ನುತ್ತಿದ್ದಳು. 1973ರಲ್ಲಿ ಫಿನ್ಲೆಂಡಿನ ಎಸ್ಕೊ ನುರ್ಮಿ ಮತ್ತು ರಂಟಲಾ, ದೊಡ್ಡ ಕೋಳಿಯ ಕರುಳಿನಲ್ಲಿರುವುದನ್ನು ಯಂತ್ರದಲ್ಲಿ ಹುಟ್ಟಿದ ಮರಿಗಳಿಗೆ ತಿನ್ನಿಸಿದರೆ ಸಾಲ್ಮೊನೆಲ್ಲಾ ನೆಲೆ ನಿಲ್ಲುವುದಿಲ್ಲ ಎಂದು ತೋರಿಸಿದರು. ಕರುಳಿನ ಜಾಗವನ್ನೆಲ್ಲ ಒಳ್ಳೆಯ ಸೂಕ್ಷ್ಮಾಣುಗಳು ಮೊದಲೇ ಹಿಡಿದು ಕೂತಿರುತ್ತವೆ. ತಾಯಿಯ ಹಿಂದೆ ಓಡಾಡುವ ಹೂಮರಿಗೆ ಅದು ತಿಪ್ಪೆಯಲ್ಲೇ ಸಿಗುತ್ತದೆ. ತಾಯಿಯಿಲ್ಲದೆ, ತೊಳೆದ ಟ್ರೇಯಲ್ಲಿ ಹುಟ್ಟಿದ ಮರಿಗೆ ಸಿಗುವುದಿಲ್ಲ.

ಆ ದಿನ ಬೇವಿನ ಮರದ ಕೆಳಗೆ ಗುಂಡಿ ಮುಚ್ಚಿ, ಮೇಲೆ ಎರಡು ಕಲ್ಲು ಹೇರಿದರು. ನಾಯಿ ಕೆದರದಿರಲಿ ಎಂದು. ಶೆಡ್ಡಿನೊಳಗೆ ಮಿಕ್ಕ ಕೋಳಿಗಳ ಗದ್ದಲ ಹಾಗೇ ನಡೆದಿತ್ತು. ಬಾಗಿಲ ಬಳಿ ಮೂವತ್ತು ಮೊಟ್ಟೆಯ ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಸತ್ತ ಕೋಳಿ ನಿನ್ನೆ ಇಟ್ಟದ್ದು ಇದರಲ್ಲಿ ಯಾವುದಿರಬಹುದು ಎಂದು ಕೇಳಿದೆ. ಹೊಟ್ಟೆಯೊಳಗೆ ಏನು ನಡೆಯುತ್ತಿತ್ತೋ ಅದರ ನೆನಪನ್ನೆಲ್ಲ ಆ ಕೋಳಿ ಆ ಒಂದು ಮೊಟ್ಟೆಗೂ ಇಳಿಸಿರಬೇಕು. ಬೇಯಿಸಿದರೆ ಆ ನೆನಪು ಬರಿಯ ಸತ್ವವಾಗಿ ಮಕ್ಕಳ ಹೊಟ್ಟೆ ಸೇರುತ್ತದೆ. ಶಾಲೆಯ ಬಿಸಿಯೂಟಕ್ಕೆ ಈಗ ವಾರದ ಆರೂ ದಿನ ಮೊಟ್ಟೆ ಬೇಕು.

ಹಿರಿಯರು ಟ್ರೇಗಳ ಕಡೆ ನೋಡಲಿಲ್ಲ, ರಸ್ತೆಯ ಕಡೆ ಕೈ ತೋರಿಸಿದರು.

“ನಿನ್ನೆವೆಲ್ಲ ಬೆಳಿಗ್ಗೇನೇ ಗಾಡಿಗೆ ಹೋದ್ವು, ದಾವಣಗೆರೆಗೆ.”